ಯಾವ ಟೂಲ್ ಹಿಡಿಯಲಿ ಅಣ್ಣಾ? ಡೇಟಾ ಎಂಜಿನಿಯರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಕೋಣೆ, ಒಂದು ಇನ್ವರ್ಟರ್, ಎರಡು ಇಂಟರ್ನೆಟ್ ಕನೆಕ್ಷನ್ ಇಟ್ಟುಕೊಂಡು ಡೇಟಾ ಎಂಜಿನಿಯರ್ ಕೆಲಸ, ಅಂದರೆ ಬೇರೆ ಬೇರೆ ಕಡೆಯ ಡೇಟಾ ಒಟ್ಟು ಮಾಡಿ ಲೆಕ್ಕಕ್ಕೆ ಸಿದ್ಧ ಮಾಡುವ ಕೆಲಸ ಮಾಡುತ್ತೇನೆ. ಇಲ್ಲಿನ, ಬಾಗಲಕೋಟೆಯ, ವಿಜಯಪುರದ ಎಂಜಿನಿಯರಿಂಗ್ ಹುಡುಗ ಹುಡುಗಿಯರು ವಾಟ್ಸಾಪ್‌ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಒಂದೇ ಉತ್ತರವನ್ನು ಹತ್ತು ಸಲ ಟೈಪ್ ಮಾಡಿ ಬೆರಳು ನೋವು ಬಂತು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಅಭಿಪ್ರಾಯ ನನ್ನದು, ಜಗಳಕ್ಕೆ ಬರಬಹುದು.

ಮೊದಲು ಏನು ಕಲಿಯಲಿ? ಪೈಥಾನಾ, ಸ್ಪಾರ್ಕಾ, ಕಾಫ್ಕಾನಾ?

ಎಸ್‌ಕ್ಯೂಎಲ್. ಡೇಟಾಬೇಸ್‌ಗೆ ಪ್ರಶ್ನೆ ಕೇಳಲು ಐಬಿಎಂನಲ್ಲಿ 1970ರ ದಶಕದಲ್ಲಿ ಹುಟ್ಟಿದ ಭಾಷೆ ಇದು. ಇದರ ಕಥೆ ಮುಗಿಯಿತು ಅಂತ ಹೇಳಿದ ಎಷ್ಟೋ ಟೂಲ್‌ಗಳು ಆಮೇಲೆ ತಾವೇ ಎಸ್‌ಕ್ಯೂಎಲ್ ಸೇರಿಸಿಕೊಂಡವು. ಪೋಸ್ಟ್‌ಗ್ರೆಸ್, ಡಕ್‌ಡಿಬಿ, ಸ್ಪಾರ್ಕ್, ಬಿಗ್‌ಕ್ವೆರಿ, ಸ್ನೋಫ್ಲೇಕ್ ಹೀಗೆ ಡೇಟಾ ಇಡುವ, ಲೆಕ್ಕ ಹಾಕುವ ಟೂಲ್‌ಗಳಿಗೆಲ್ಲ ಇದೇ ಬೇಕು. ಡಿಬಿಎಂಎಸ್ ಲ್ಯಾಬ್‌ನ ವೈವಾ ದಾಟಲು ಕಲಿತದ್ದು ಸಾಲದು. ಜಾಯಿನ್ (ಎರಡು ಟೇಬಲ್ ಸೇರಿಸುವುದು), ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ ಹಾಕುವುದು), ವಿಂಡೋ ಫಂಕ್ಷನ್ (ಒಂದು ಸಾಲಿನ ಲೆಕ್ಕವನ್ನು ಸುತ್ತಲಿನ ಸಾಲುಗಳ ಜೊತೆ ಹಾಕುವುದು) ಇವು ಮೂರು ಕೈಗೆ ಕೂರಬೇಕು. ಆಮೇಲೆ ಪೈಥಾನ್, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಸ್ವಲ್ಪ ಲಿನಕ್ಸ್. ಉಳಿದದ್ದನ್ನು ಕೆಲಸ ಬಂದಾಗ ಕಲಿತರಾಯಿತು.

ನಮ್ಮ ಡೇಟಾ ತುಂಬಾ ದೊಡ್ಡದು. ಬಿಗ್ ಡೇಟಾ ಟೂಲ್ ಬೇಕಲ್ವಾ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ಒಂದೇ ಮಾತು ಕೇಳುತ್ತೇನೆ: ಎಷ್ಟು ಸಾಲು, ಎಷ್ಟು ಜಿಬಿ? ಹತ್ತರಲ್ಲಿ ಒಂಬತ್ತು ಜನ ಎಣಿಸಿಯೇ ಇರುವುದಿಲ್ಲ.

ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ದಿನಕ್ಕೆ 1,500 ಲೋಡ್ ಕಬ್ಬು ತೂಗುತ್ತದೆ, ಹಂಗಾಮು 150 ದಿನ ನಡೆಯುತ್ತದೆ ಅಂತ ಹಿಡಿಯಿರಿ. ಒಂದು ಹಂಗಾಮಿಗೆ 2,25,000 ತೂಕದ ಚೀಟಿ. ಇಪ್ಪತ್ತು ಹಂಗಾಮಿಗೆ 45 ಲಕ್ಷ ಸಾಲು. ಒಂದು ಸಾಲಿಗೆ 200 ಬೈಟ್ ಅಂದರೂ ಎಲ್ಲಾ ಸೇರಿ 900 ಎಂಬಿ. ಇಪ್ಪತ್ತು ವರ್ಷದ ಕಬ್ಬು ಒಂದು ಹಳೇ ಪೆನ್‌ಡ್ರೈವ್‌ನಲ್ಲಿ ಕೂರುತ್ತದೆ! ಇಂಥ ಹತ್ತು ಕಾರ್ಖಾನೆ ಸೇರಿಸಿದರೂ 9 ಜಿಬಿ. ಇದಕ್ಕೆ ಐದು ಮಷೀನಿನ ಕ್ಲಸ್ಟರ್ ಕಟ್ಟುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ, ಒಳ್ಳೆಯ ಜನ, ಆದರೆ ತಿಂಗಳ ಬಿಲ್ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅದಕ್ಕೆ ಟೂಲ್ ಹುಡುಕುವ ಮೊದಲು ಎಣಿಸಿ. ನಾನು ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಇದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ರಾತ್ರಿ ಎರಡಕ್ಕೆ ಇದು ಕೈಕೊಟ್ಟರೆ ಎದ್ದು ಸರಿ ಮಾಡುವವರು ಯಾರು?

ಹಾಗಿದ್ರೆ ಎಕ್ಸೆಲ್ ಸಾಕಲ್ರೀ?

ನೋಡಲು ಸಾಕು, ಇಡಲು ಸಾಲದು. ಎಕ್ಸೆಲ್‌ನ ಒಂದು ಶೀಟಿಗೆ 10,48,576 ಸಾಲಿನ ಮಿತಿ ಇದೆ. ಮೇಲೆ ಹೇಳಿದ ಕಾಟಾ ಲೆಕ್ಕದಲ್ಲಿ ಐದನೇ ಹಂಗಾಮಿಗೇ ಶೀಟ್ ತುಂಬಿ ಹೋಯಿತು. ಹಳೇ ಎಕ್ಸ್‌ಎಲ್‌ಎಸ್ ಫೈಲ್‌ಗೆ ಮಿತಿ ಇನ್ನೂ ಕಡಿಮೆ, 65,536. ಈ ಹಳೇ ಮಿತಿಗೆ ಸಿಕ್ಕಿಕೊಂಡೇ 2020ರಲ್ಲಿ ಇಂಗ್ಲೆಂಡಿನ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ತಡವಾಗಿ ಸೇರಿದವು.

ಆದರೆ ನಮ್ಮವರಿಗೆ ಕಾಟ ಕೊಡುವುದು ಸಾಲಿನ ಮಿತಿಗಿಂತ ಜಾಸ್ತಿ ಬೇರೆಯೇ ಒಂದು. ಜಮೀನಿನ ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿ ನೋಡಿ. ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಪಹಣಿ ನೋಡಿಕೊಂಡು ಅರ್ಧ ದಿನ ಕೂತು ತುಂಬಿದ ಶೀಟಿನಲ್ಲಿ ಅರ್ಧ ಹೊಲ ಮಾರ್ಚ್‌ಗೆ ಹೋಗಿರುತ್ತದೆ, ಇನ್ನರ್ಧ ಮೇ ತಿಂಗಳಿಗೆ! ಸೊನ್ನೆಯಿಂದ ಶುರುವಾಗುವ ರೈತರ ಕೋಡ್‌ನ ಸೊನ್ನೆಯೂ ಮಾಯ. ತುಂಬುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಕೊಳ್ಳಿ.

ಪಾಂಡಾಸ್, ಪೋಲಾರ್ಸ್, ಡಕ್‌ಡಿಬಿ: ಮೂರರಲ್ಲಿ ಯಾವುದು?

ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮೂರೂ ಟೇಬಲ್ ರೂಪದ ಡೇಟಾವನ್ನು ನಿಮ್ಮದೇ ಮಷೀನಿನಲ್ಲಿ ಲೆಕ್ಕ ಹಾಕುವ ಟೂಲ್‌ಗಳು.

ಪಾಂಡಾಸ್ ಪೈಥಾನ್‌ನ ಲೈಬ್ರರಿ, ಎಲ್ಲರ ಹಿರಿಯಣ್ಣ. ವೆಸ್ ಮೆಕಿನ್ನಿ 2008ರಲ್ಲಿ ಶುರು ಮಾಡಿದ್ದು. ಯಾವ ಎರರ್ ಬಂದರೂ ಅದಕ್ಕೆ ಉತ್ತರ ಯಾರೋ ಆಗಲೇ ಬರೆದಿರುತ್ತಾರೆ, ಮಷೀನ್ ಲರ್ನಿಂಗ್ ಲೈಬ್ರರಿಗಳೆಲ್ಲ ಇದನ್ನು ಗುರುತು ಹಿಡಿಯುತ್ತವೆ. ತೊಂದರೆ ಏನಂದರೆ ಇದಕ್ಕೆ ಇಡೀ ಡೇಟಾ ಮೆಮೊರಿಯಲ್ಲೇ ಬೇಕು. ಡೇಟಾದ ಐದರಿಂದ ಹತ್ತು ಪಟ್ಟು ರ‍್ಯಾಮ್ ಇಟ್ಟುಕೊಳ್ಳಿ ಅಂತ ಮೆಕಿನ್ನಿಯವರೇ 2017ರಲ್ಲಿ ಬರೆದಿದ್ದರು. ಆಮೇಲೆ ಸುಧಾರಣೆ ಆಗಿದೆ, ಆದರೂ ನಮ್ಮ 900 ಎಂಬಿ ಕಾಟಾ ಫೈಲ್‌ಗೆ ಆ ಲೆಕ್ಕ ಹಾಕಿ: ನಾಲ್ಕೂವರೆಯಿಂದ ಒಂಬತ್ತು ಜಿಬಿ. ನಿಮ್ಮದು 8 ಜಿಬಿ ಲ್ಯಾಪ್‌ಟಾಪ್, ಅದರಲ್ಲಿ ಬ್ರೌಸರ್ ಬೇರೆ ಇಪ್ಪತ್ತು ಟ್ಯಾಬ್ ತೆರೆದು ಕೂತಿದೆ. ಫ್ಯಾನ್ ಕೂಗುತ್ತದೆ, ಮೌಸ್ ನಿಲ್ಲುತ್ತದೆ, ಆಮೇಲೆ ಪೈಥಾನ್ ಬರೆದು ಓಡಿಸುವ ಜೂಪಿಟರ್‌ನವರು ಕರ್ನಲ್ (ಕೋಡ್ ಓಡಿಸುವ ಭಾಗ) ಸತ್ತಿತು ಅಂತ ಸುದ್ದಿ ಕೊಡುತ್ತಾರೆ.

ಪೋಲಾರ್ಸ್ ಚಿಕ್ಕವನು, 2020ರದು, ರಸ್ಟ್ ಭಾಷೆಯಲ್ಲಿ ಬರೆದದ್ದು. ಪಾಂಡಾಸ್ ಹೆಚ್ಚಿನ ಕೆಲಸಕ್ಕೆ ಪ್ರೊಸೆಸರ್‌ನ ಒಂದೇ ಕೋರ್ ಬಳಸಿದರೆ ಇದು ಎಲ್ಲಾ ಕೋರ್‌ಗಳನ್ನೂ ದುಡಿಸುತ್ತದೆ. ಇದರ ಲೇಜಿ ಮೋಡ್ ನನಗೆ ಬಹಳ ಇಷ್ಟ. ನೀವು ಹೇಳಿದ್ದನ್ನು ತಕ್ಷಣ ಮಾಡುವುದಿಲ್ಲ, ಎಲ್ಲಾ ಕೇಳಿಸಿಕೊಂಡು, ಬೇಕಾದ ಕಾಲಂ ಯಾವುದು, ಬೇಡದ ಸಾಲು ಯಾವುದು ಅಂತ ಲೆಕ್ಕ ಹಾಕಿ ಕೊನೆಗೆ ಒಂದೇ ಸಲ ಓಡುತ್ತದೆ. ಸಂತೆಗೆ ಹೋಗುವ ಮೊದಲು ಪೂರ್ತಿ ಚೀಟಿ ಬರೆಸಿಕೊಳ್ಳುವ ಜಾಣರ ಹಾಗೆ. ಪಾಂಡಾಸ್ ಕೋಡ್ ಇದರಲ್ಲಿ ಹಾಗೇ ಓಡುವುದಿಲ್ಲ, ಬರೆಯುವ ರೀತಿ ಬೇರೆ, ಪಾಂಡಾಸ್‌ನಂತೆ ಸಾಲುಗಳಿಗೆ ಗುರುತು ಹಚ್ಚುವ ಇಂಡೆಕ್ಸ್ ಅನ್ನುವುದೇ ಇಲ್ಲ. ನನಗಂತೂ ಅದು ನೆಮ್ಮದಿಯ ವಿಷಯ.

ಡಕ್‌ಡಿಬಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 2019ರಲ್ಲಿ ಹೊರಬಂತು, 1.0 ಆವೃತ್ತಿ 2024ರ ಜೂನ್‌ನಲ್ಲಿ. ಇದು ಡೇಟಾಬೇಸ್, ಆದರೆ ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಪೋರ್ಟ್ ಇಲ್ಲ. ಪೈಥಾನ್‌ನಲ್ಲಿ ಒಂದು ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಟೆಕ್ಸ್ಟ್) ಫೈಲ್ ಹೆಸರನ್ನೇ ಟೇಬಲ್ ಹೆಸರಿನ ಜಾಗದಲ್ಲಿ ಬರೆದು ಎಸ್‌ಕ್ಯೂಎಲ್‌ನ ಸೆಲೆಕ್ಟ್ ಹೊಡೆಯಬಹುದು. ರ‍್ಯಾಮ್ ಸಾಲದಿದ್ದರೆ ಹೆಚ್ಚಿನ ಸಲ ಡಿಸ್ಕ್‌ನಲ್ಲಿ ಜಾಗ ಮಾಡಿಕೊಂಡು ಹೇಗೋ ಮುಗಿಸುತ್ತದೆ.

ನನ್ನ ತೀರ್ಪು: ಎಸ್‌ಕ್ಯೂಎಲ್ ಬರುತ್ತಿದ್ದರೆ ಡಕ್‌ಡಿಬಿ. ಪೈಥಾನ್‌ನಲ್ಲೇ ಉದ್ದನೆಯ ತರ್ಕ ಬರೆಯಬೇಕಿದ್ದರೆ ಪೋಲಾರ್ಸ್. ಆಫೀಸಿನಲ್ಲಿ ಹಳೇ ಕೋಡ್ ಪಾಂಡಾಸ್‌ನಲ್ಲಿದ್ದು ಸುಮ್ನೆ ಓಡುತ್ತಿದ್ದರೆ ಅದನ್ನು ಮುಟ್ಟಬೇಡಿ. ಮೂರೂ ಒಂದಕ್ಕೊಂದು ಡೇಟಾ ಕೊಟ್ಟು ತಗೊಳ್ಳುತ್ತವೆ, ಹಾಗಾಗಿ ಯಾವುದೋ ಒಂದಕ್ಕೇ ಗಂಟು ಬೀಳಬೇಕು ಅಂತೇನಿಲ್ಲ.

ಡಕ್‌ಡಿಬಿ ಅಷ್ಟು ಚೆನ್ನಾಗಿದ್ದರೆ ಪೋಸ್ಟ್‌ಗ್ರೆಸ್ ಯಾಕೆ?

ಕೆಲಸ ಬೇರೆ ಬೇರೆ. ಕಾಟಾದ ಚೀಟಿ ಪುಸ್ತಕ ನೆನಪಿಸಿಕೊಳ್ಳಿ. ಒಂದೊಂದು ಚೀಟಿಯಲ್ಲಿ ರೈತರ ಹೆಸರು, ಊರು, ಟ್ರ್ಯಾಕ್ಟರ್ ನಂಬರ್, ತೂಕ ಎಲ್ಲಾ ಒಟ್ಟಿಗೆ ಇರುತ್ತದೆ. ಹೊಸ ಲೋಡ್ ಬಂದಾಗ ಒಂದು ಚೀಟಿ ಬರೆದು ಹರಿದು ಕೊಡುವುದು ಸುಲಭ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಹೀಗೆ ಸಾಲು ಸಾಲಾಗಿ ಇಡುತ್ತವೆ. ಈಗ ಇಡೀ ಹಂಗಾಮಿನ ತೂಕ ಮಾತ್ರ ಕೂಡಿಸಿ ಅಂದರೆ ಎಲ್ಲಾ ಚೀಟಿ ಒಂದೊಂದಾಗಿ ಮಗುಚಬೇಕು. ತೂಕಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ, ಊರುಗಳನ್ನು ಇನ್ನೊಂದರಲ್ಲಿ ಬರೆದಿಟ್ಟಿದ್ದರೆ ಕೂಡಿಸುವುದು ಸಲೀಸು, ಆದರೆ ಒಂದು ಲೋಡ್ ಬಂದಾಗ ನಾಲ್ಕು ನೋಟ್‌ಬುಕ್ ತೆರೆಯಬೇಕು. ಡಕ್‌ಡಿಬಿ, ಕ್ಲಿಕ್‌ಹೌಸ್, ಬಿಗ್‌ಕ್ವೆರಿ ಈ ಎರಡನೇ ಥರದವು.

ಕಾಟಾದಲ್ಲಿ ನಾಲ್ಕು ಜನ ಒಟ್ಟಿಗೆ ಎಂಟ್ರಿ ಮಾಡುತ್ತಿದ್ದರೆ ಪೋಸ್ಟ್‌ಗ್ರೆಸ್ ಬೇಕೇ ಬೇಕು. ಡಕ್‌ಡಿಬಿ ಫೈಲ್‌ಗೆ ಒಂದು ಸಲಕ್ಕೆ ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಬರೆಯಬಹುದು, ಅಂಥ ಕೆಲಸಕ್ಕೆ ಅದು ಆಗಿಬರುವುದಿಲ್ಲ.

ಪೋಸ್ಟ್‌ಗ್ರೆಸ್ ಒಳ್ಳೆಯದಾ, ಮೈಎಸ್‌ಕ್ಯೂಎಲ್ ಒಳ್ಳೆಯದಾ?

ಹೊಸದಾಗಿ ಶುರು ಮಾಡುತ್ತಿದ್ದರೆ ಪೋಸ್ಟ್‌ಗ್ರೆಸ್. ಆಗಲೇ ಮೈಎಸ್‌ಕ್ಯೂಎಲ್ ಇದ್ದರೆ ಅದೇ ಇರಲಿ. ಈ ಜಗಳದಲ್ಲಿ ನನ್ನ ಆಯುಷ್ಯ ಸಾಕಷ್ಟು ಖರ್ಚಾಗಿದೆ.

ಸಿಎಸ್‌ವಿ ಬಿಟ್ಟು ಪಾರ್ಕೆ ಅಂತಾರಲ್ಲ, ಏನದು?

ಮೇಲೆ ಹೇಳಿದ ನೋಟ್‌ಬುಕ್ ಪದ್ಧತಿಯ ಫೈಲ್. ಟ್ವಿಟರ್ ಮತ್ತು ಕ್ಲೌಡೆರಾ ಸೇರಿ 2013ರಲ್ಲಿ ಬಿಟ್ಟದ್ದು. ಕಾಲಂನ ಟೈಪ್ ಫೈಲ್‌ನ ಒಳಗೇ ಇರುತ್ತದೆ, ಗಾತ್ರ ಸಿಎಸ್‌ವಿಗಿಂತ ಸಾಮಾನ್ಯವಾಗಿ ಬಹಳ ಚಿಕ್ಕದು. ಸರ್ವೆ ನಂಬರ್ ತಾರೀಖು ಆಗುವ ಗೋಳು ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ, ಅಷ್ಟೇ. ಮನುಷ್ಯರಿಗೆ ಕಳಿಸುವುದಿದ್ದರೆ ಸಿಎಸ್‌ವಿ, ಮಷೀನಿಗೆ ಇಡುವುದಿದ್ದರೆ ಪಾರ್ಕೆ.

ಹಾಗಾದರೆ ಸ್ಪಾರ್ಕ್ ಕಲಿಯಬೇಕೋ ಬೇಡವೋ?

ನಿಮ್ಮ ಡೇಟಾಗೆ ಬೇಡ, ನಿಮ್ಮ ನೌಕರಿಗೆ ಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಶುರುವಾದ ಸ್ಪಾರ್ಕ್ ಅನ್ನು ನೂರಾರು ಮಷೀನುಗಳಿಗೆ ಕೆಲಸ ಹಂಚಲು ಕಟ್ಟಿದ್ದಾರೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಚಿಕ್ಕ ಫೈಲ್‌ಗೆ ಓಡಿಸಿದರೆ ಅದಕ್ಕೆ ಬೇಕಾದ ಜೆವಿಎಂ (ಜಾವಾ ಓಡಿಸುವ ಪ್ರೋಗ್ರಾಂ) ಏಳುವಷ್ಟರಲ್ಲಿ ಡಕ್‌ಡಿಬಿ ಉತ್ತರ ಕೊಟ್ಟು ಚಹಾ ಕುಡಿಯಲು ಹೋಗಿರುತ್ತದೆ. ಆದರೆ ಬೆಂಗಳೂರು, ಪುಣೆಯ ಕಂಪನಿಗಳ ಜಾಹೀರಾತು ತೆರೆದರೆ ಮೊದಲ ಸಾಲಿನಲ್ಲೇ ಸ್ಪಾರ್ಕ್ ಇರುತ್ತದೆ, ಅದಕ್ಕೆ ನಾನೇನು ಮಾಡಲಿ? ಲೋಕಲ್ ಮೋಡ್‌ನಲ್ಲಿ, ಅಂದರೆ ನಿಮ್ಮ ಒಂದೇ ಮಷೀನಿನಲ್ಲಿ ಹಾಕಿಕೊಂಡು ಪಾರ್ಟಿಷನ್ ಅಂದರೇನು, ಶಫಲ್ ಯಾಕೆ ನಿಧಾನ, ಬ್ರಾಡ್‌ಕಾಸ್ಟ್ ಜಾಯಿನ್ ಯಾವಾಗ ಅಂತ ತಿಳಿದುಕೊಳ್ಳಿ. ಇಂಟರ್‌ವ್ಯೂನಲ್ಲಿ ಕೇಳುವುದು ಹೆಚ್ಚಾಗಿ ಇವನ್ನೇ.

ಕ್ರಾನ್ ಸಾಕಾ, ಏರ್‌ಫ್ಲೋ ಹಾಕಬೇಕಾ?

ನನ್ನದೇ ಒಂದು ಪೆಟ್ಟು ತಿಂದ ಕಥೆ ಹೇಳುತ್ತೇನೆ. ಒಂದು ಕಡೆ ರಾತ್ರಿ ಒಂದು ಗಂಟೆಗೆ ಕಾಟಾದ ಡೇಟಾ ಎಳೆಯುವ ಸ್ಕ್ರಿಪ್ಟ್ ಅನ್ನು ಕ್ರಾನ್‌ನಲ್ಲಿ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಟೂಲ್‌ನಲ್ಲಿ ಹಾಕಿದ್ದೆ. ಮಳೆಗಾಳಿಗೆ ಹನ್ನೆರಡೂವರೆಗೆ ಕರೆಂಟ್ ಹೋಯಿತು, ಮೂರಕ್ಕೆ ಬಂತು. ಕ್ರಾನ್‌ಗೆ ತಪ್ಪಿಹೋದ ಕೆಲಸದ ನೆನಪು ಇರುವುದಿಲ್ಲ, ಒಂದು ಗಂಟೆ ದಾಟಿತು ಅಂದರೆ ಇನ್ನು ನಾಳೆಯೇ. ಬೆಳಿಗ್ಗೆ ಫೋನ್ ಬಂತು, ಗಡಿಬಿಡಿಯಲ್ಲಿ ಕೈಯಿಂದ ಓಡಿಸಿದೆ. ನನಗೆ ಗೊತ್ತಿಲ್ಲದೆ ಅಲ್ಲಿದ್ದ ಹುಡುಗನೂ ಒಂದು ಸಲ ಓಡಿಸಿದ್ದ. ಆ ದಿನದ ಕಬ್ಬು ಎರಡು ಪಟ್ಟು ಆಯಿತು. ರಿಪೋರ್ಟ್ ನೋಡಿದವರು ಖುಷಿ ಪಟ್ಟರು, ಅದು ಇನ್ನೂ ಕೆಟ್ಟದ್ದು.

ಇಲ್ಲಿ ತಪ್ಪು ಕ್ರಾನ್‌ದಲ್ಲ, ನನ್ನದು. ಸ್ಕ್ರಿಪ್ಟ್ ಹೇಗಿರಬೇಕು ಅಂದರೆ ಹತ್ತು ಸಲ ಓಡಿಸಿದರೂ ಉತ್ತರ ಒಂದೇ ಇರಬೇಕು. ಆ ದಿನದ ಸಾಲುಗಳನ್ನು ಮೊದಲು ಅಳಿಸಿ, ಆಮೇಲೆ ಹಾಕಿ, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು). ಇದನ್ನು ಮಾಡದಿದ್ದರೆ ಏರ್‌ಫ್ಲೋ ಹಾಕಿದರೂ ಅದು ತಪ್ಪನ್ನೇ ಶಿಸ್ತಾಗಿ ಮತ್ತೆ ಮತ್ತೆ ಮಾಡುತ್ತದೆ.

ಏರ್‌ಫ್ಲೋ ಇಂಥ ಕೆಲಸಗಳನ್ನು ಕ್ರಮವಾಗಿ ಓಡಿಸಿ ಗಮನಿಸುವ ಟೂಲ್, 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ್ದು. ಕೆಲಸಗಳು ಒಂದರ ಮೇಲೊಂದು ನಿಂತಿದ್ದಾಗ, ತಪ್ಪಿದ ದಿನಗಳನ್ನು ಹಿಂದಕ್ಕೆ ಹೋಗಿ ತುಂಬಬೇಕಾದಾಗ, ಯಾವುದು ಯಾಕೆ ಬಿದ್ದಿತು ಅಂತ ಪರದೆಯಲ್ಲಿ ನೋಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಹಸಿವು ಜಾಸ್ತಿ: ಪ್ರೋಗ್ರಾಂಗಳನ್ನು ಡಬ್ಬಿಯಂತೆ ಕಟ್ಟಿ ಓಡಿಸುವ ಡಾಕರ್‌ನಲ್ಲಿ ಓಡಿಸಲು ಕನಿಷ್ಠ 4 ಜಿಬಿ ಮೆಮೊರಿ ಕೊಡಿ ಅಂತ ಅವರ ದಾಖಲೆಯೇ ಹೇಳುತ್ತದೆ. ಮೂರು ಸ್ಕ್ರಿಪ್ಟ್‌ಗೆ ಇದು ಮದುವೆ ಮಂಟಪದಲ್ಲಿ ಇಬ್ಬರೇ ಊಟಕ್ಕೆ ಕೂತ ಹಾಗೆ. ಇದೇ ಕೆಲಸ ಮಾಡುವ ಡ್ಯಾಗ್‌ಸ್ಟರ್, ಪ್ರಿಫೆಕ್ಟ್ ಎರಡೂ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಮಾಡಲು ಹಗುರ, ನನಗೆ ಡ್ಯಾಗ್‌ಸ್ಟರ್ ಹಿಡಿಸಿತು. ನೌಕರಿ ಜಾಹೀರಾತಿನಲ್ಲಿ ಮಾತ್ರ ಏರ್‌ಫ್ಲೋ ಹೆಸರೇ ಜಾಸ್ತಿ.

ಕಾಫ್ಕಾ?

ಡೇಟಾ ಬಂದ ಹಾಗೇ ತಡೆಯಿಲ್ಲದೆ ಸಾಗಿಸುವ ಟೂಲ್, ಲಿಂಕ್ಡ್‌ಇನ್‌ನವರು ತಮ್ಮ ಗಾತ್ರಕ್ಕೆ ಕಟ್ಟಿ 2011ರಲ್ಲಿ ಹೊರಗೆ ಬಿಟ್ಟದ್ದು. ನಿಮಗೆ ಡೇಟಾ ಪ್ರತಿ ಸೆಕೆಂಡಿಗೆ ಬೇಕಾ, ಪ್ರತಿ ಹದಿನೈದು ನಿಮಿಷಕ್ಕೆ ಸಾಕಾ? ಕಾಟಾದವರನ್ನು ಕೇಳಿದರೆ ದಿನಕ್ಕೊಮ್ಮೆ ಸಾಕು ಅನ್ನುತ್ತಾರೆ. ಚಿಕ್ಕ ಸರತಿಗೆ (ಕ್ಯೂಗೆ) ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್ ಸಾಕು.

ಕನ್ನಡ ಡೇಟಾ ಯಾವ ಟೂಲ್‌ನಲ್ಲಿ ಸರಿ ಬರುತ್ತದೆ?

ಈ ಪ್ರಶ್ನೆ ಬೆಂಗಳೂರಿನವರು ನನ್ನನ್ನು ಕೇಳಿದ್ದಿಲ್ಲ, ನಮ್ಮ ಕಡೆಯವರು ವಾರಕ್ಕೊಮ್ಮೆ ಕೇಳುತ್ತಾರೆ. ಟೂಲ್‌ಗಳೆಲ್ಲ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಗಳಿಗೂ ಕೋಡ್ ಕೊಡುವ ಪದ್ಧತಿ) ಓದುತ್ತವೆ. ಗೊಂದಲ ಇರುವುದು ಡೇಟಾದಲ್ಲಿ.

ಮೊದಲನೆಯದು, ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ತೆಗೆದರೆ ಬಣ್ಣ ಬಯಲು. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು ಸರಿಯಾಗಿ ಬಂದಿದೆಯೋ ಅಂತ ಕಣ್ಣಿಂದ ನೋಡಿ. ಬೇರೆ ದಾರಿ ಇಲ್ಲ.

ಎರಡನೆಯದು, ಸರಿಯಾದ ಯೂನಿಕೋಡ್ ಸಿಎಸ್‌ವಿಯನ್ನೇ ಎಕ್ಸೆಲ್‌ನಲ್ಲಿ ತೆರೆದಾಗ ಗಜಿಬಿಜಿ ಕಾಣುವುದು. ಪೈಥಾನ್‌ನಿಂದ ಫೈಲ್ ಬರೆಯುವಾಗ ಯುಟಿಎಫ್-8 (ಯೂನಿಕೋಡ್ ಅನ್ನು ಬೈಟ್‌ಗಳಾಗಿ ಬರೆಯುವ ರೀತಿ) ಬಿಟ್ಟು ಯುಟಿಎಫ್-8-ಸಿಗ್ (utf-8-sig) ಅಂತ ಕೊಡಿ, ಸರಿ ಹೋಗುತ್ತದೆ. ಈ ಒಂದು ಸಾಲಿಗಾಗಿ ನನಗೆ ಬಂದ ಥ್ಯಾಂಕ್ಸ್ ಬೇರೆ ಯಾವುದಕ್ಕೂ ಬಂದಿಲ್ಲ.

ಮೂರನೆಯದು ಉದ್ದದ ಲೆಕ್ಕ. "ಬೆಳಗಾವಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಪೈಥಾನ್‌ಗೆ ಏಳು, ಯುಟಿಎಫ್-8 ಫೈಲ್‌ನಲ್ಲಿ 21 ಬೈಟ್. ಇಪ್ಪತ್ತು ಬೈಟಿಗೆ ಕತ್ತರಿಸುವ ಹಳೇ ಸಿಸ್ಟಮ್‌ಗೆ ಕಳಿಸಿದರೆ ಊರಿನ ಬಾಲ ಹೋಗುತ್ತದೆ.

ನಾಲ್ಕನೆಯದು ಕಣ್ಣಿಗೇ ಕಾಣದ್ದು. "ಕೊಲ್ಹಾರ"ದ ಕೊ ಅನ್ನು ಎರಡು ರೀತಿಯ ಕೋಡ್‌ಗಳಲ್ಲಿ ಬರೆಯಬಹುದು. ನೋಡಲು ಒಂದೇ, ಜಾಯಿನ್ ಮಾಡಿದರೆ ಸೇರುವುದಿಲ್ಲ. ಕಾಣದ ಜೋಡಕ ಚಿಹ್ನೆಗಳೂ (ZWJ, ZWNJ) ಹೀಗೇ ಕಾಡುತ್ತವೆ. ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ (ಒಂದೇ ಅಕ್ಷರಕ್ಕೆ ಒಂದೇ ರೀತಿಯ ಕೋಡ್ ಬರುವಂತೆ ಮಾಡುವುದು), ಜೋಡಕಗಳನ್ನು ತೆಗೆದು, ಆಮೇಲೆ ಜಾಯಿನ್ ಮಾಡಿ.

ಇನ್ನು ಊರಿನ ಹೆಸರು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಅದಕ್ಕೂ ಮೊದಲು, 1997ರಲ್ಲಿ ಬಾಗಲಕೋಟೆ ಬಿಜಾಪುರದಿಂದ ಬೇರೆ ಜಿಲ್ಲೆಯಾಗಿತ್ತು. ಹಾಗಾಗಿ 1995ರ ಬಿಜಾಪುರದ ಅಂಕಿಯನ್ನು 2015ರ ವಿಜಯಪುರದ ಜೊತೆ ನೇರವಾಗಿ ಹೋಲಿಸಿದರೆ ಒಂದು ಜಿಲ್ಲೆಯೇ ಮಾಯವಾದಂತೆ ಗ್ರಾಫ್ ಕೆಳಗೆ ಬೀಳುತ್ತದೆ. ಹಳೇ ಹೆಸರು, ಹೊಸ ಹೆಸರು, ಯಾವ ತಾರೀಖಿನಿಂದ ಅಂತ ಮೂರು ಕಾಲಂನ ಒಂದು ಚಿಕ್ಕ ಟೇಬಲ್ ಇಟ್ಟುಕೊಳ್ಳಿ. ಜಿಲ್ಲೆ ಒಡೆದಲ್ಲಿ ತಾಲೂಕಿನ ಮಟ್ಟಕ್ಕೆ ಇಳಿದು ಕೂಡಿಸಿ. ಇದನ್ನು ಯಾವ ಟೂಲೂ ನಿಮಗಾಗಿ ಮಾಡುವುದಿಲ್ಲ.

ಕೋಡ್ ಬರೆಯಲು ಯಾವ ಎಡಿಟರ್? ವಿಎಸ್ ಕೋಡ್, ಪೈಚಾರ್ಮ್, ವಿಮ್?

ವಿಎಸ್ ಕೋಡ್. ಪೈಚಾರ್ಮ್ ಚೆನ್ನಾಗಿದೆ, ರ‍್ಯಾಮ್ ಇದ್ದವರಿಗೆ. ವಿಮ್‌ನಿಂದ ಹೊರಗೆ ಬರುವುದನ್ನಾದರೂ ಕಲಿತಿರಿ, ಸರ್ವರ್ ಮೇಲೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೀರಿ.

ಓಪನ್ ಸೋರ್ಸ್ ಅಂದರೆ ಯಾವಾಗಲೂ ಪುಕ್ಕಟೆ ತಾನೇ?

ಹಾಗೇನಿಲ್ಲ. ಸರ್ವರ್‌ಗಳನ್ನು ಕೋಡ್‌ನಿಂದ ಕಟ್ಟುವ ಟೆರಾಫಾರ್ಮ್ 2023ರ ಆಗಸ್ಟ್‌ನಲ್ಲಿ ಓಪನ್ ಸೋರ್ಸ್ ಬಿಟ್ಟು ಲೈಸೆನ್ಸ್ ಬದಲಿಸಿತು, ಅದರಿಂದ ಓಪನ್‌ಟೋಫು ಕವಲೊಡೆಯಿತು. ಮೆಮೊರಿಯಲ್ಲಿ ಡೇಟಾ ಇಡುವ ರೆಡಿಸ್ 2024ರಲ್ಲಿ ಬದಲಿಸಿತು, ವಾಲ್ಕಿ ಹುಟ್ಟಿತು, ಮರುವರ್ಷ ರೆಡಿಸ್ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್‌ಗೆ ಮರಳಿತು. ಡಾಕರ್ ಡೆಸ್ಕ್‌ಟಾಪ್ ಕಲಿಯುವವರಿಗೆ ಉಚಿತ, ಆದರೆ 250ಕ್ಕಿಂತ ಜಾಸ್ತಿ ನೌಕರರು ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಕಂಪನಿ ದುಡ್ಡು ಕೊಡಬೇಕು. ಬೇಡ ಅನ್ನುವವರಿಗೆ ಅದೇ ಕೆಲಸ ಮಾಡುವ ಪಾಡ್‌ಮನ್ ಇದೆ. ಹೋಲಿಕೆ ಪಟ್ಟಿ ಮಾಡುವಾಗ ಲೈಸೆನ್ಸ್ ಹೆಸರು ಮಾತ್ರ ನೋಡಬೇಡಿ, ಆ ಪ್ರಾಜೆಕ್ಟ್ ಒಂದೇ ಕಂಪನಿಯ ಕೈಯಲ್ಲಿದೆಯೋ, ಅಪಾಚೆಯಂಥ ಫೌಂಡೇಶನ್ ಕೈಯಲ್ಲಿದೆಯೋ ನೋಡಿ.

ಬಿಗ್‌ಕ್ವೆರಿ ಪುಕ್ಕಟೆ ಅಂತ ಶುರು ಮಾಡಿದೆ. ಬಿಲ್ ಬರುತ್ತದಾ?

ಬಿಗ್‌ಕ್ವೆರಿ ಗೂಗಲ್‌ನ ಕ್ಲೌಡ್ ಡೇಟಾಬೇಸ್. ತಿಂಗಳಿಗೆ ಮೊದಲ 1 ಟಿಬಿ ಕ್ವೆರಿ ಉಚಿತ, ಕಲಿಯಲು ಧಾರಾಳ. ಆಮೇಲೆ ಓದಿದ ಡೇಟಾದ ಲೆಕ್ಕದಲ್ಲಿ ದುಡ್ಡು. ಕೊನೆಗೆ ಲಿಮಿಟ್ 10 ಅಂತ ಹಾಕಿದರೆ ಖರ್ಚು ಉಳಿಯುತ್ತದೆ ಅಂದುಕೊಂಡವರು ಬಹಳ ಜನ. ಸಾಮಾನ್ಯ ಟೇಬಲ್‌ನಲ್ಲಿ ಅದು ಉಳಿಯುವುದಿಲ್ಲ, ಇಡೀ ಕಾಲಂ ಓದಿ ಆಮೇಲೆ ಹತ್ತು ಸಾಲು ತೋರಿಸುತ್ತದೆ. ಸೆಲೆಕ್ಟ್ ಸ್ಟಾರ್ (ಎಲ್ಲಾ ಕಾಲಂ ಕೇಳುವುದು) ಬಿಡಿ, ತಾರೀಖಿನ ಮೇಲೆ ಪಾರ್ಟಿಷನ್ ಮಾಡಿ (ಟೇಬಲ್ ಅನ್ನು ತುಂಡು ತುಂಡಾಗಿ ಇಡಿ), ಮೊದಲ ದಿನವೇ ಬಜೆಟ್ ಅಲರ್ಟ್ ಹಾಕಿ.

ಕಂಪನಿಗಳು ತೋರಿಸುವ ಬೆಂಚ್‌ಮಾರ್ಕ್ (ವೇಗದ ಹೋಲಿಕೆ) ನಂಬಬಹುದಾ?

ಮಾರುವವರು ತಮ್ಮ ದ್ರಾಕ್ಷಿ ಹುಳಿ ಅಂತ ಹೇಳುವುದಿಲ್ಲ. ನಿಮ್ಮದೇ ಡೇಟಾ, ನಿಮ್ಮದೇ ಮೂರು ಕ್ವೆರಿ, ನಿಮ್ಮದೇ ಮಷೀನ್ ಮೇಲೆ ಓಡಿಸಿ. ಮೊದಲ ಓಟ ಬಿಟ್ಟು ಆಮೇಲಿನ ಐದು ಓಟದ ಸಮಯ ಬರೆದುಕೊಳ್ಳಿ. ಇನ್‌ಸ್ಟಾಲ್ ಮಾಡಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಬರೆಯಿರಿ, ಅದನ್ನು ಯಾರೂ ಬರೆಯುವುದಿಲ್ಲ.

ಡ್ಯಾಶ್‌ಬೋರ್ಡ್‌ಗೆ ಯಾವುದು? ಮೆಟಾಬೇಸ್, ಸೂಪರ್‌ಸೆಟ್, ಪವರ್ ಬಿಐ?

ಆಫೀಸ್ ಮೈಕ್ರೋಸಾಫ್ಟ್ ಮಯವಾಗಿದ್ದರೆ ಪವರ್ ಬಿಐ. ಬೇಗ ಏನಾದರೂ ತೋರಿಸಬೇಕಿದ್ದರೆ ಮೆಟಾಬೇಸ್. ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಇದ್ದರೆ ಸೂಪರ್‌ಸೆಟ್.

ಆದರೆ ಮೊದಲು ನೋಡುವವರನ್ನು ಕೇಳಿ. ವಿಜಯಪುರದ ಕಡೆ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇಟ್ಟಿರುವ ಸಾಹುಕಾರರೊಬ್ಬರಿಗೆ ಎರಡು ವಾರ ಕೂತು ಬಣ್ಣ ಬಣ್ಣದ ಡ್ಯಾಶ್‌ಬೋರ್ಡ್ ಮಾಡಿ ಕೊಟ್ಟೆ. ಫಿಲ್ಟರ್ ಇತ್ತು, ಮ್ಯಾಪ್ ಇತ್ತು, ಎಲ್ಲಾ ಇತ್ತು. ಅವರು ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, "ತಮ್ಮಾ, ಛಂದ ಅದ. ಆದ್ರ ನನಗ ಮುಂಜಾನೆ ಎಷ್ಟು ಟನ್ ಒಳಗ ಅದ, ಎಷ್ಟು ಹೊರಗ ಹೋಗೇದ ಅಂತ ಫೋನಿಗೆ ಎರಡು ಸಾಲು ಕಳಸು ಸಾಕು" ಅಂದರು. ಈಗ ಒಂದು ಪೈಥಾನ್ ಫೈಲ್ ಪೋಸ್ಟ್‌ಗ್ರೆಸ್‌ನಿಂದ ಎರಡು ಅಂಕಿ ತೆಗೆದು ಬೆಳಿಗ್ಗೆ ಆರೂವರೆಗೆ ಕಳಿಸುತ್ತದೆ. ಆರು ನಲವತ್ತಾದರೂ ಬರದಿದ್ದರೆ ಅವರ ಫೋನ್ ನನಗೆ ಬರುತ್ತದೆ. ಮಾನಿಟರಿಂಗ್ ಟೂಲ್ ಬೇರೆ ಹಾಕಿಲ್ಲ.